ಸಂಕಟಕಾಲದಲ್ಲಿ ಕಾಯಕ

ವ್ಯಾಪಾರ, ಉದ್ದಿಮೆಗಳ ಹೊಣೆ ಹೊತ್ತ ಶರಣಬಂಧುಗಳಿಗೆ ಈ ತಿಂಗಳು ಎರಡು ಮಾತು.

2016ರ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದವು. 2020ರ ಮಾರ್ಚ್ 24ರಂದು ದೇಶಕ್ಕೆಲ್ಲ ದಿಗ್ಬಂಧನ ಘೋಷಿತವಾಯಿತು. ಎರಡು ಸಲವೂ ರಾತ್ರಿ 8ಕ್ಕೆ ಪ್ರಕಟಣೆ, ನಡುರಾತ್ರಿಯಿಂದ ಜಾರಿ. ಸಿದ್ಧತೆಗೆ ದೊರೆತದ್ದು ನಾಲ್ಕೇ ತಾಸು. ಆದುದರಿಂದ ಸಂಕಟವನ್ನು ತಾಳುವ ಶಕ್ತಿಯನ್ನು ಸುದಿನಗಳಲ್ಲಿಯೇ ಗಳಿಸಿಕೊಳ್ಳಬೇಕು.

2020ರಲ್ಲಿ ರಿಸರ್ವ್ ಬ್ಯಾಂಕು ಮಾರ್ಚ್‌ನಿಂದ ಆಗಸ್ಟ್‌ವರೆಗೆ ಸಾಲದ ಕಂತುಗಳನ್ನು ಮುಂದೂಡಲು ಅವಕಾಶವಿತ್ತಿತು. ಬಡ್ಡಿ ಮಾತ್ರ ನಿಲ್ಲಲಿಲ್ಲ. ಮುಂದೂಡಿಕೆಯನ್ನು ಮನ್ನಾ ಎಂದು ಬಗೆದವನ ಹೊರೆ ಬೆಳೆಯುತ್ತದೆ. ಸಾಲದ ವಿಷಯದಲ್ಲಿ ಈ ಎಚ್ಚರ ಸದಾ ಇರಬೇಕು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಹಿಂದಿರುಗಿಸಿ ಬರುವಂತೆ ಲಕ್ಕಮ್ಮನವರು ಹೇಳಿದ ಪ್ರಸಂಗ ಪ್ರಸಿದ್ಧವಾಗಿದೆ. ಹಾಗಾದರೆ ಉಳಿತಾಯವೇ ತಪ್ಪೇ ಎಂದು ಕೆಲವರು ಕೇಳಬಹುದು. ಆಸೆಗಾಗಿ ಕೂಡಿಟ್ಟದ್ದು ಸಂಗ್ರಹ. ಆಶ್ರಿತರ ಅನ್ನಕ್ಕಾಗಿ ಕಾದಿರಿಸಿದ್ದು ದಾಸೋಹ. ಕೆಲಸಗಾರರ ಮೂರು ತಿಂಗಳ ಸಂಬಳದಷ್ಟು ಹಣವನ್ನು ಬೇರೆಯಾಗಿಯೇ ಇರಿಸಿದ ಯಜಮಾನನಿಗೆ ಅಂಗಡಿ ಮುಚ್ಚಿದ ದಿನವೂ ನಿದ್ರೆ ಬರುತ್ತದೆ. ಅವನನ್ನು ನಂಬಿದವರ ಮನೆಯಲ್ಲಿ ಒಲೆ ಉರಿಯುತ್ತದೆ.

ಕಷ್ಟ ಬಂದಾಗ ಮೊದಲ ಕಡಿತ ಯಜಮಾನನ ಸ್ವಂತ ಖರ್ಚಿನಲ್ಲಾಗಲಿ. ನಷ್ಟದ ಸಂಗತಿಯನ್ನು ಕೆಲಸಗಾರರಿಗೆ ಮರೆಮಾಚದೆ ತಿಳಿಸಲಿ. ಸತ್ಯ ತಿಳಿದ ಕೈಗಳು ಹೆಚ್ಚು ದುಡಿಯುತ್ತವೆ. ಕೊಡಬೇಕಾದ ಬಾಕಿಗೆ ವಾಯಿದೆ ಬೇಕಾದರೆ ತಾನೇ ಹೋಗಿ ಕೇಳಲಿ, ಮುಖ ಮರೆಸಿಕೊಳ್ಳದಿರಲಿ. ಮನೆಯಾಕೆಗೂ ಲೆಕ್ಕಪತ್ರ ತಿಳಿದಿರಲಿ. ಮಾರಯ್ಯನವರನ್ನು ಎಚ್ಚರಿಸಿದವರು ಮನೆಯೊಳಗಿನ ಲಕ್ಕಮ್ಮನವರೇ ಅಲ್ಲವೇ?

ಶರಣು ಶರಣಾರ್ಥಿ.