ಗೀಸರ್ ‘ಡೈರೆಕ್ಟ್’ ಮಾಡಿಸಬೇಡಿ

ಚಳಿ ಶುರುವಾದರೆ ನನ್ನ ಫೋನಿಗೆ ಬರುವ ಪ್ರಶ್ನೆಗಳೂ ಬದಲಾಗುತ್ತವೆ. ಬೇಸಿಗೆಯಲ್ಲಿ ಎ.ಸಿ., ಮಳೆಗಾಲದಲ್ಲಿ ಇನ್ವರ್ಟರ್, ಈಗ ಗೀಸರ್. ನೀರು ಕೈ ಸುಡುತ್ತದೆ, ನೀರು ಕಾಯುವುದೇ ಇಲ್ಲ, ನಡುವೆಯೇ ಆಫ್ ಆಗಿಬಿಡುತ್ತದೆ – ದೂರುಗಳು ಈ ಮೂರೇ. ಮೂರೂ ನೀರಿನ ಹದದ ಮಾತು.

ಊರಿನ ಬಚ್ಚಲ ಹಂಡೆಗೆ ಹದ ನೋಡುತ್ತಿದ್ದವರು ನಾವೇ. ನೀರು ಹೆಚ್ಚು ಕಾದರೆ ಕಟ್ಟಿಗೆ ಹಿಂದಕ್ಕೆಳೆದರಾಯಿತು. ಗೀಸರಿನಲ್ಲಿ ಆ ಕೆಲಸ ಥರ್ಮೋಸ್ಟಾಟಿನದು. ನೀವು ಇಟ್ಟ ಮಟ್ಟಕ್ಕೆ ನೀರು ಕಾದೊಡನೆ ‘ಟಿಕ್’ ಎಂದು ಕರೆಂಟು ಕಡಿಯುತ್ತದೆ, ಆರಿದರೆ ಮತ್ತೆ ಕೊಡುತ್ತದೆ. ಅದರ ಬೆನ್ನಿಗೆ ಇನ್ನೊಬ್ಬ ಕಾವಲುಗಾರನಿದ್ದಾನೆ, ಕಟ್‌ಔಟ್. ಥರ್ಮೋಸ್ಟಾಟ್ ಕೈಕೊಟ್ಟು ನೀರು ಕುದಿಯುವ ಹಂತಕ್ಕೆ ಹೋಗುತ್ತಿದ್ದರೆ ಮಾತ್ರ ಇದು ಕರೆಂಟು ಕಡಿಯುತ್ತದೆ. ಹಲವು ಮಾದರಿಗಳಲ್ಲಿ ಪುಟ್ಟ ಗುಂಡಿ ಒತ್ತುವವರೆಗೆ ಗೀಸರ್ ಮತ್ತೆ ಶುರುವಾಗುವುದಿಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಇದಕ್ಕೆ ಗಡಿಯಾರ ಸಾಕು. ತಣ್ಣೀರು ಬರುವವರೆಗೆ ಟ್ಯಾಂಕ್ ಖಾಲಿ ಮಾಡಿ, ನಲ್ಲಿ ನಿಲ್ಲಿಸಿ, ಸ್ವಿಚ್ ಹಾಕಿ. 15 ಲೀಟರಿನ, 2000 ವ್ಯಾಟಿನ ಗೀಸರ್ 25 ಡಿಗ್ರಿ ನೀರನ್ನು 60 ಡಿಗ್ರಿಗೆ ಕಾಯಿಸಲು ಸುಮಾರು 18 ನಿಮಿಷ ಬೇಕು. ದೆಹಲಿಯ ಚಳಿಗೆ ನೀರು 12 ಡಿಗ್ರಿಗೆ ಇಳಿದಿದ್ದರೆ 25 ನಿಮಿಷ. ಇದರ ಆಸುಪಾಸಿನಲ್ಲಿ ದೀಪ ಆರಿದರೆ ಥರ್ಮೋಸ್ಟಾಟ್ ಸರಿಯಿದೆ.

ಐದಾರು ನಿಮಿಷಕ್ಕೇ ದೀಪ ಆರಿ ನೀರು ಉಗುರು ಬೆಚ್ಚಗಿದ್ದರೆ, ಥರ್ಮೋಸ್ಟಾಟನ್ನು ಕಡಿಮೆ ಮಟ್ಟಕ್ಕೆ ಇಟ್ಟಿರಬಹುದು, ಕೆಟ್ಟಿರಬಹುದು, ಇಲ್ಲವೇ ಅದರ ಕೊಳವೆಗೆ ಸುಣ್ಣ ಕಟ್ಟಿರಬಹುದು. ಮುಕ್ಕಾಲು ಗಂಟೆಯಾದರೂ ದೀಪ ಉರಿಯುತ್ತಲೇ ಇದ್ದು ನೀರು ತಣ್ಣಗಿದ್ದರೆ ಕಾಯಿಲ್ ಹೋಗಿದೆ. ದೀಪವೂ ಆರದೆ ನೀರೂ ಹೊಗೆಯಾಡುತ್ತಿದ್ದರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ. ತಕ್ಷಣ ಆಫ್ ಮಾಡಿ, ರಿಪೇರಿ ಆಗುವವರೆಗೆ ಮುಟ್ಟಬೇಡಿ.

ಸುಣ್ಣದ ಕಾಟ ಎಲ್ಲ ಊರಲ್ಲೂ ಒಂದೇ ಸಮ ಇಲ್ಲ. ಮುಂಬಯಿಯವರಿಗೆ ತಾನ್ಸಾ, ಭಾತ್ಸಾ ಜಲಾಶಯಗಳ ನೀರು, ಅವರು ಪುಣ್ಯವಂತರು. ಹೈದರಾಬಾದಿನ ನಮ್ಮ ಬಡಾವಣೆಯಂತೆ, ಚೆನ್ನೈಯ ಹಲವು ಕಡೆಯಂತೆ, ಬೋರ್‌ವೆಲ್ಲು ಟ್ಯಾಂಕರು ನಂಬಿದವರ ಗೀಸರಿನಲ್ಲಿ ಕಾಯಿಲ್ ಸುತ್ತ ಬಿಳಿ ಪದರ ಕಟ್ಟುತ್ತದೆ. ಶಾಖ ನೀರಿಗೆ ಸಲೀಸಾಗಿ ದಾಟದೆ ಕಾಯಿಲ್ ತಾನೇ ಸುಡುತ್ತದೆ. ಪಕ್ಕದ ಥರ್ಮೋಸ್ಟಾಟ್ ಆ ಬಿಸಿಯನ್ನೇ ನೀರಿನ ಬಿಸಿ ಎಂದುಕೊಂಡು ಬೇಗ ಕಡಿಯುತ್ತದೆ. ಇಂಥ ನೀರಿರುವವರು ವರ್ಷಕ್ಕೊಮ್ಮೆ ಟ್ಯಾಂಕ್ ಬಿಚ್ಚಿಸಿ ತೊಳೆಸಿ. ಅದೇ ಹೊತ್ತಿಗೆ ಒಳಗಿನ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಅದು ತಾನು ಸವೆಯುತ್ತಿರುತ್ತದೆ.

ಇನ್ನು ನಿಜವಾದ ಅಪಾಯದ ಮಾತು. ಕಟ್‌ಔಟ್ ಪದೇ ಪದೇ ಬೀಳುತ್ತಿದ್ದರೆ ಕೆಲವು ಮೆಕ್ಯಾನಿಕ್‌ಗಳು ಕಾರಣ ಹುಡುಕುವುದಿಲ್ಲ. “ಡೈರೆಕ್ಟ್ ಚೇಸೇಸ್ತಾನು ಸಾರ್” ಎಂದು ಅದರ ಎರಡು ವೈರನ್ನು ಒಟ್ಟಿಗೆ ಸೇರಿಸಿ, ನೂರಿನ್ನೂರು ತಗೊಂಡು ಹೋಗುತ್ತಾರೆ. ಗೀಸರ್ ನಡೆಯುತ್ತದೆ, ಎಲ್ಲರಿಗೂ ಖುಷಿ. ಕಾವಲುಗಾರ ಇಲ್ಲವೆಂದು ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಮೇಲಿನ ಮನೆಯವರು ಗದಗದ ಕಡೆಯವರು. ಹೋದ ಸಂಕ್ರಾಂತಿಗೆ ಅವರ ತಾಯಿ ಬಂದಿದ್ದರು. ಒಂದು ಬೆಳಿಗ್ಗೆ ಮಗ, ಸೊಸೆ ಆಫೀಸಿಗೆ ಹೋದ ಮೇಲೆ ಅಜ್ಜಿ ಕೆಳಗಿಳಿದು ಬಂದು, “ತಮ್ಮಾ, ಬಚ್ಚಲದಾಗ ಎಸರು ಕುದ್ದಂಗ ಸಪ್ಪಳ ಬರಾಕತ್ತೈತಿ, ಸ್ವಲ್ಪ ನೋಡು ಬಾ” ಅಂದರು. ಹೋಗಿ ನೋಡಿದರೆ ಸೇಫ್ಟಿ ವಾಲ್ವಿನಿಂದ ಆವಿ ಚಿಮ್ಮುತ್ತಿತ್ತು. ಎಂಸಿಬಿ ಇಳಿಸಿ, ಪೂರ್ತಿ ಆರಿದ ಮೇಲೆ ಮುಚ್ಚಳ ಬಿಚ್ಚಿದೆ. ಥರ್ಮೋಸ್ಟಾಟಿನ ಸಂಪರ್ಕ ಕರಗಿ ಅಂಟಿತ್ತು, ಕಟ್‌ಔಟ್ ಡೈರೆಕ್ಟ್ ಆಗಿತ್ತು. ಹಿಂದಿನ ವರ್ಷ ಯಾರೋ ಮಾಡಿದ ಕೆಲಸ. ಅಜ್ಜಿ ಸಪ್ಪಳಕ್ಕೆ ಕಿವಿಗೊಡದೆ ನಲ್ಲಿ ತಿರುಗಿಸಿದ್ದರೆ? 60 ಡಿಗ್ರಿ ನೀರೇ ನಾಲ್ಕೈದು ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡುತ್ತದೆ. ವಯಸ್ಸಾದವರ, ಮಕ್ಕಳ ತೆಳು ಚರ್ಮಕ್ಕೆ ಅಷ್ಟೂ ಹೊತ್ತು ಬೇಡ. ವಾಲ್ವಿಗೂ ಸುಣ್ಣ ಕಟ್ಟಿ ಮುಚ್ಚಿದ್ದರೆ ಟ್ಯಾಂಕೇ ಸಿಡಿಯಬಹುದಿತ್ತು.

ಆದ್ದರಿಂದ ಮೆಕ್ಯಾನಿಕ್ ಬಂದಾಗ ಪಕ್ಕದಲ್ಲೇ ನಿಲ್ಲಿ. ಪ್ಲಗ್ ತೆಗೆಸಿದ ಮೇಲೆಯೇ ಮುಚ್ಚಳ ಬಿಚ್ಚಿಸಿ. ಕಾಯಿಲ್ಲಿನ ಓಮ್ ಅಳೆಯಲು ಹೇಳಿ. 2000 ವ್ಯಾಟಿನದಾದರೆ ಸುಮಾರು 26 ಬರಬೇಕು. ಅರ್ಥಿಂಗ್ ನೋಡಿಸಿ, ಪ್ಲಗ್ 16 ಆಂಪಿಯರಿನದೇ ಇರಲಿ. ಥರ್ಮೋಸ್ಟಾಟ್, ಕಟ್‌ಔಟ್ ಯಾವುದು ಕೆಟ್ಟಿದ್ದರೂ ಅದೇ ಮಾದರಿಯ ಹೊಸದನ್ನು ಹಾಕಿಸಿ. ಇಡೀ ಗೀಸರಿನ ಬೆಲೆಯ ಮುಂದೆ ಅದು ಚಿಲ್ಲರೆ ಕಾಸು. ಬಾಡಿಗೆ ಮನೆಗೆ ಹೊಸದಾಗಿ ಹೋಗುತ್ತಿದ್ದರೆ, ಹಿಂದಿನವರು ಏನು ಮಾಡಿಸಿದ್ದಾರೋ ಎಂದು ಒಮ್ಮೆ ಬಿಚ್ಚಿಸಿ ನೋಡಿಬಿಡಿ.

ಊರಿಂದ ಹಿರಿಯರು ಬಂದರೆ ಸ್ವಿಚ್ ತೋರಿಸಿದರಷ್ಟೇ ಸಾಲದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡಲು ಹೇಳಿ. ಗೀಸರ್ ಆಫ್ ಮಾಡಿಯೇ ಸ್ನಾನಕ್ಕೆ ಕೂರಲಿ.