ಟೀವಿ ತರುವ ಮೊದಲು ರಿಪೇರಿಯವನ ಊರು ಕೇಳಿ

ಚೌತಿ ಹತ್ತಿರ ಬಂತೆಂದರೆ ಕುಮಟಾ ಬಸ್ ಸ್ಟ್ಯಾಂಡಿನಲ್ಲಿ ಈ ನೋಟ ಹೊಸದಲ್ಲ. ಸಂಜೆ ಹೊನ್ನಾವರದ ಕಡೆ ಹೊರಟ ಬಸ್ಸಿಗೆ ಒಬ್ಬ ಆಸಾಮಿ ತನಗಿಂತ ಅಗಲದ ರಟ್ಟಿನ ಡಬ್ಬಿ ಹೊತ್ತು ಹತ್ತುತ್ತಾನೆ. ಹಿಂದಿನ ಉದ್ದ ಸೀಟಿನ ಮೇಲೆ ಅದನ್ನು ಹಾಯಾಗಿ ಮಲಗಿಸುತ್ತಾನೆ. ಕಂಡಕ್ಟರ್ ‘ಲಗೇಜು’ ಅನ್ನುತ್ತಾನೆ, ನಿಂತವರು ‘ಜನಕ್ಕೇ ಜಾಗ ಇಲ್ಲ’ ಅನ್ನುತ್ತಾರೆ. ಅಷ್ಟರಲ್ಲಿ ಬಲ್ಲವರೊಬ್ಬರು, ‘ತಮಾ, ಅದನ್ನ ಮಲಗಿಸ್ಬೇಡ, ನಿಲ್ಸಿ ಹಿಡ್ಕೋ. ಪರದೆ ಒಡೆದ್ರೆ ನಿನ್ನ ಪಿಗ್ಮಿ ದುಡ್ಡೆಲ್ಲ ನೀರಿಗೆ ಹೋತು’ ಎನ್ನುತ್ತಾರೆ. ಆಸಾಮಿ ಗಾಬರಿಬಿದ್ದು ಡಬ್ಬಿ ಎತ್ತಿ ನಿಲ್ಲಿಸುತ್ತಾನೆ.

ಅಂಗಡಿಯಲ್ಲಿ ಒಂದು ತಾಸು ನಿಂತರೂ ಯಾರೂ ಹೇಳದ ಮಾತು ಬಸ್ಸಿನಲ್ಲಿ ಪುಕ್ಕಟೆ ಸಿಕ್ಕಿತು. ಗಿರಾಕಿ ಅಂಗಡಿಯಲ್ಲಿ ಕೇಳಿದ್ದಾದರೂ ಏನು? ‘ಎಷ್ಟು ಇಂಚು? ಎಷ್ಟು ಬಿಡ್ತೀರಿ?’ ಈ ಎರಡೇ ಪ್ರಶ್ನೆ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಪೇಟೆಯಲ್ಲಿ ಟೀವಿ ವ್ಯಾಪಾರ ನಡೆಯುವುದೇ ಈ ಎರಡು ಪ್ರಶ್ನೆಯ ಮೇಲೆ. ಮೂರನೇ ಪ್ರಶ್ನೆ ಒಂದಿದೆ. ಕೆಟ್ಟರೆ ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ? ಅದನ್ನು ಕೇಳುವವರೂ ಕಡಿಮೆ, ಕೇಳಿದರೆ ನೆಟ್ಟಗೆ ಉತ್ತರ ಕೊಡುವವರೂ ಕಡಿಮೆ. ಕೈ ಬಿಗಿಹಿಡಿದು ಬದುಕುವ ಮನೆಗೆ ಬೇಕಾದದ್ದು ಮಾತ್ರ ಇದೇ ಪ್ರಶ್ನೆ.

ಅಂದಿನ ಪೆಟ್ಟಿಗೆ, ಇಂದಿನ ಹಾಳೆ

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ಕ್ಕೆ. ದೇಶಕ್ಕೆ ಬಣ್ಣದ ಟೀವಿ ಬಂದದ್ದು 1982ರ ಏಷ್ಯಾಡ್ ವರ್ಷ. 1987ರ ಜನವರಿಯಲ್ಲಿ ರವಿವಾರದ ರಾಮಾಯಣ ಬಂದ ಮೇಲೆ ಟೀವಿ ಇದ್ದ ಮನೆಯ ಜಗಲಿ ಊರಿನ ಜಗಲಿಯಾಯಿತು. ಸಾಲಿಡೇರ್, ಡಯನೋರಾ, ಕೆಲ್ಟ್ರಾನ್ ಹೆಸರು ಹಳಬರ ಬಾಯಲ್ಲಿ ಇನ್ನೂ ಇದೆ. ಓನಿಡಾ ಕಂಪನಿಯಂತೂ ನೆರೆಮನೆಯವರ ಹೊಟ್ಟೆಕಿಚ್ಚನ್ನೇ ಬಂಡವಾಳ ಮಾಡಿ, ಕೊಂಬಿನ ದೆವ್ವವನ್ನು ಜಾಹೀರಾತಿಗೆ ತಂದಿತು. ದೆವ್ವ ಹೋದರೂ ಹೊಟ್ಟೆಕಿಚ್ಚು ಹೋಗಿಲ್ಲ. ಈಗಲೂ ಪಕ್ಕದ ಮನೆಯ 43 ಇಂಚು ನೋಡಿಯೇ ಈ ಮನೆಯವರು 50 ಇಂಚಿಗೆ ಹೊರಡುತ್ತಾರೆ.

ಭಟ್ಕಳದ ಕತೆ ಸ್ವಲ್ಪ ಬೇರೆ. ದುಬೈ, ಸೌದಿಗೆ ಹೋದವರ ಊರು. ಅಲ್ಲಿನ ಬಜಾರಿಗೆ ‘ಫಾರಿನ್ ಸಾಮಾನಿ’ನ ಹೆಸರಿತ್ತು. ರಜೆಗೆ ಬರುವವರ ಜೊತೆ ಟೀವಿಯೂ ವಿಮಾನ ಇಳಿಯುತ್ತಿತ್ತು. 2013ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಲಗೇಜಿನಲ್ಲಿ ತರುವ ಚಪ್ಪಟೆ ಟೀವಿಗೆ ಸುಂಕದ ವಿನಾಯಿತಿ ತೆಗೆದುಹಾಕಿದ ಮೇಲೆ ಆ ಲಾಭ ಕರಗಿತು. ಅಲ್ಲಿಂದ ತಂದದ್ದಕ್ಕೆ ಇಲ್ಲಿ ವಾರಂಟಿ ಸಿಗುವುದೂ ಕಷ್ಟವೇ.

ಅಂದಿನ ಟೀವಿ ಮರದ ಪೆಟ್ಟಿಗೆ. ಕೆಟ್ಟರೆ ಪೇಟೆಯ ರಿಪೇರಿಯವ ಹಿಂಬದಿ ಬಿಚ್ಚಿ, ಕಾವಿಗೆ ಹಚ್ಚಿ, ಒಂದು ಕೆಪ್ಯಾಸಿಟರ್ ಬದಲಿಸಿ ಕೊಡುತ್ತಿದ್ದ. ಇಂದಿನ ಟೀವಿ ಒಂದು ತೆಳು ಹಾಳೆ. ಅದರ ಬೆಲೆಯಲ್ಲಿ ದೊಡ್ಡ ಪಾಲು ಎದುರಿನ ಪ್ಯಾನೆಲ್ಲಿನದು. ಒಳಗಿನ ದೀಪದ ಪಟ್ಟಿ ಸುಟ್ಟರೆ ಅಥವಾ ಪವರ್ ಬೋರ್ಡ್ ಹೋದರೆ ಸಾವಿರ, ಎರಡು ಸಾವಿರದಲ್ಲಿ ಸುಧಾರಿಸೀತು. ಪ್ಯಾನೆಲ್ ಬಿರುಕು ಬಿಟ್ಟರೆ ಹೊಸ ಟೀವಿ ತರುವುದೇ ಲೇಸು. ಒಡೆದ ಪ್ಯಾನೆಲ್ಲಿಗೆ ವಾರಂಟಿಯೂ ಇಲ್ಲ. ಬಸ್ಸಿನ ಹಿರಿಯರು ಹೆದರಿಸಿದ್ದು ಸುಳ್ಳಲ್ಲ.

ಹೆಸರಿನ ಮೋಹಕ್ಕೂ ಒಂದು ಮಾತು. ಥಾಮ್ಸನ್, ಕೊಡಾಕ್, ಬ್ಲಾಪುಂಕ್ಟ್ ಮೂರೂ ಪರದೇಶದ ಹಳೇ ಹೆಸರು. ಆದರೆ ಈ ಮೂರು ಹೆಸರಿನ ಟೀವಿಯನ್ನೂ ಲೈಸೆನ್ಸ್ ಪಡೆದು ಭಾರತದಲ್ಲಿ ತಯಾರಿಸಿದ್ದು ಸೂಪರ್ ಪ್ಲಾಸ್ಟ್ರಾನಿಕ್ಸ್ ಎಂಬ ಒಂದೇ ಕಂಪನಿ. ಇದರಲ್ಲಿ ಮೋಸವಿಲ್ಲ, ಮುಚ್ಚುಮರೆಯೂ ಇಲ್ಲ. ಡಬ್ಬಿಯ ಹಿಂದೆ ತಯಾರಕನ ಹೆಸರು ಅಚ್ಚಾಗಿರುತ್ತದೆ. ಕೊಳ್ಳುವವನು ಮುಂದಿನ ಹೆಸರಿಗೆ ಮರುಳಾಗದೆ ಡಬ್ಬಿ ತಿರುಗಿಸಿ ಓದಬೇಕು, ಅಷ್ಟೇ.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರ ತನಕ 32 ಇಂಚಿನವರೆಗಿನ ಟೀವಿಗೆ ಜಿಎಸ್‌ಟಿ ಶೇ. 18 ಇತ್ತು, ಅದಕ್ಕಿಂತ ದೊಡ್ಡದಕ್ಕೆ ಶೇ. 28. ಅಂದಿನಿಂದ ಎಲ್ಲಕ್ಕೂ ಶೇ. 18. ತೆರಿಗೆ ಬಿಟ್ಟು 20,000 ರೂಪಾಯಿಯ ಟೀವಿ ಮೊದಲು 25,600ಕ್ಕೆ ಬೀಳುತ್ತಿತ್ತು, ಈಗ 23,600. ಎರಡು ಸಾವಿರ ಉಳಿಯಿತು. ‘ತೆರಿಗೆ ಇಳಿದಿದೆ, ದೊಡ್ಡದೇ ತಗೊಳ್ಳಿ’ ಎಂದು ಅಂಗಡಿಯವರು ಹೇಳುವುದಕ್ಕೆ ಈ ಲೆಕ್ಕ ಸಾಕು. ಆದರೆ 32ಕ್ಕೆ ಹೋದವನು 43 ತಂದರೆ ಉಳಿದದ್ದು ಎರಡಲ್ಲ, ಹೆಚ್ಚಾಗಿ ಹೋದದ್ದು ಹತ್ತು ಸಾವಿರ.

ಹಾಗಂತ 43 ದಂಡವೆಂದೂ ಅಲ್ಲ. ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ. ಆದ್ದರಿಂದ 43 ಇಂಚಿನ ಪರದೆಯ ವಿಸ್ತಾರ 32ರದ್ದಕ್ಕಿಂತ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ಜಗಲಿಯಲ್ಲಿ ಏಳೆಂಟು ಅಡಿ ದೂರ ಕುಳಿತು ಐದಾರು ಜನ ನೋಡುವ ಮನೆಗೆ ಅದು ಸರಿ. ನಾಲ್ಕೈದು ಅಡಿಯ ಕೋಣೆಗೆ 32 ಧಾರಾಳ.

ಇನ್ನೊಂದು, ಮನೆಗೆ ಬರುವ ಚಿತ್ರ ಯಾವುದು? 2004ರ ಡಿಸೆಂಬರಿನಲ್ಲಿ ಶುರುವಾದ ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ. ಹಳ್ಳಿಯ ಎಷ್ಟೋ ಮನೆಯಲ್ಲಿ ಅದೇ ಇದೆ. ಅದರ ಸಾಧಾರಣ ಚಾನೆಲ್ಲನ್ನು ‘4ಕೆ’ ಟೀವಿಯಲ್ಲಿ ಹಾಕಿದರೆ ಚಿತ್ರ ಚೊಕ್ಕವಾಗುವುದಿಲ್ಲ, ದೊಡ್ಡದಾಗಿ ಮಸುಕಾಗುತ್ತದೆ. ಬರೀ ಡಿಶ್ ನೋಡುವವನು 4ಕೆಗೆ ದುಡ್ಡು ಸುರಿಯುವುದು, ತೊರೆ ದಾಟಲು ಹಡಗು ಕೊಂಡಂತೆ. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಮಾತು ಬೇರೆ. 43ಕ್ಕೆ ಕೈ ಹಾಕುವವನು ಫುಲ್ ಎಚ್‌ಡಿಗಿಂತ ಕೆಳಗೆ ಇಳಿಯಬಾರದು.

‘ಸ್ಮಾರ್ಟ್’ ಎಂಬ ಮಾತಿಗೆ ಅತಿ ಬೆಲೆ ಕೊಡಬೇಕಿಲ್ಲ. ಅಗ್ಗದ ಟೀವಿಯಲ್ಲಿ 1 ಜಿಬಿ ರ‍್ಯಾಮ್, 8 ಜಿಬಿ ಜಾಗ ಇರುತ್ತದೆ. ಎರಡು ವರ್ಷಕ್ಕೆ ಅದು ಎತ್ತಿನ ಗಾಡಿಯಾಗುತ್ತದೆ. ಆಗ ಕೆಲವೇ ಸಾವಿರದ ಒಂದು ಕಡ್ಡಿ ತಂದು ಹಿಂಬದಿಗೆ ಸಿಕ್ಕಿಸಿದರೆ ಟೀವಿ ಮತ್ತೆ ಚುರುಕು. ಸ್ಮಾರ್ಟ್ ಆಮೇಲೂ ಸೇರಿಸಬಹುದು. ಪ್ಯಾನೆಲ್ ಮತ್ತು ಸರ್ವಿಸ್ ಆಮೇಲೆ ಸೇರಿಸಲು ಬರುವುದಿಲ್ಲ.

ಕರೆಂಟಿನ ಲೆಕ್ಕವೂ ಇದೆ. 80 ವ್ಯಾಟಿನ ಟೀವಿ ದಿನಕ್ಕೆ ಐದು ತಾಸು ಓಡಿದರೆ ತಿಂಗಳಿಗೆ 12 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಮಿತಿ ಇದೆ, ಅದರ ಮೇಲೆ ಬಳಸಿದ್ದಕ್ಕೆ ದುಡ್ಡು ತೆರಲೇಬೇಕು. ಡಬ್ಬಿಯ ಮೇಲಿನ ನಕ್ಷತ್ರದ ಚೀಟಿ ನೋಡುವುದು ಇದಕ್ಕೇ.

ಅಂಗಡಿಯಲ್ಲಿ ಒಂದು ಪರೀಕ್ಷೆ

ಅಂಗಡಿಯ ಟೀವಿಯಲ್ಲಿ ಯಾವಾಗಲೂ ಒಂದೇ ಚಿತ್ರ. ಕೆಂಪು ಹೂವು, ನೀಲಿ ಸಮುದ್ರ, ಗಿಳಿ. ಅದು ಕಂಪನಿಯವರು ಕೊಟ್ಟ ಮದುವೆ ಅಲಂಕಾರ. ಬೆಳಕನ್ನೂ ಪೂರ್ತಿ ಏರಿಸಿ ಇಟ್ಟಿರುತ್ತಾರೆ. ಅದನ್ನು ತೆಗೆಸಿ, ಮೊಬೈಲಿನಿಂದ ಇಂಟರ್‌ನೆಟ್ ಕೊಟ್ಟು, ಒಂದು ರಾತ್ರಿ ಆಟದ ಯಕ್ಷಗಾನ ಹಾಕಿಸಿದರೆ ಬಂಡವಾಳ ಹೊರಬೀಳುತ್ತದೆ. ಕತ್ತಲ ಹಿನ್ನೆಲೆಯಲ್ಲಿ ಕಪ್ಪು ಕಪ್ಪಾಗಿಯೇ ಇದೆಯೋ, ಬೂದಿಯಾಗುತ್ತದೆಯೋ? ಕಿರೀಟದ ಮಿಂಚು ಹರಡಿಕೊಳ್ಳುತ್ತದೆಯೋ? ಚೆಂಡೆ ಬಿದ್ದಾಗ ಡಬ್ಬಿ ಬಡಿದಂತೆ ಕೇಳುತ್ತದೆಯೋ? ಭಾಗವತರ ಪದ ಶಬ್ದ ಶಬ್ದವಾಗಿ ತಿಳಿಯುತ್ತದೆಯೋ? 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಸೀಮೆಯಿದು. ಚೆಂಡೆಯ ನಾದ ತಿಳಿಯದ ಕಿವಿ ಇಲ್ಲಿ ಕಡಿಮೆ. ಡಬ್ಬಿಯ ಮೇಲೆ ಬರೆದ ‘20 ವ್ಯಾಟ್’ ನಂಬುವುದಕ್ಕಿಂತ ಆ ಕಿವಿಯನ್ನು ನಂಬುವುದು ಮೇಲು. ಬದಿಯಿಂದಲೂ ನೋಡಬೇಕು. ಜಗಲಿಯಲ್ಲಿ ಎಲ್ಲರೂ ನಡುಮಧ್ಯೆಯೇ ಕೂರುವುದಿಲ್ಲ.

ಕಡಲ ಬದಿಯ ಕಷ್ಟ

ಬೆಂಗಳೂರಿನಲ್ಲಿ ಏಳೆಂಟು ವರ್ಷ ಬಾಳುವ ಟೀವಿ ಇಲ್ಲಿ ಅಷ್ಟೇ ಬಾಳೀತೆಂಬ ಧೈರ್ಯ ಬೇಡ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿದ ಮಳೆ, ಉಪ್ಪು ಗಾಳಿ, ಗೋಡೆಯ ಥಂಡಿ. ಬೋರ್ಡಿನ ಬೆಸುಗೆಗೆ ಹಸಿರು ಹತ್ತುತ್ತದೆ. ಹೆಂಚಿನ ಮನೆಯ ಹಲ್ಲಿ, ಇರುವೆಗೆ ಟೀವಿಯ ಬೆನ್ನೇ ಬೆಚ್ಚಗಿನ ಬಿಡಾರ. ಮಳೆ ಹೊಡೆಯುವ ಪಡುವಣ ಗೋಡೆಗೆ ಟೀವಿ ತಾಗಿಸಿ ತೂಗಿಸಿದರೆ ಕೆಡುವುದು ಬೇಗ.

ಎಲ್ಲಕ್ಕಿಂತ ದೊಡ್ಡ ಶತ್ರು ಸಿಡಿಲು. ನಡು ಮಳೆಗಾಲದಲ್ಲಿ ಅದು ಕಡಿಮೆ, ಮೇ ಮತ್ತು ಅಕ್ಟೋಬರಿನಲ್ಲಿ ಜೋರು. ಆಫರ್ ನೋಡಿ ದೀಪಾವಳಿಗೆ ತಂದ ಟೀವಿ ಸಂಜೆಯ ಒಂದೇ ಗುಡುಗಿಗೆ ಕಣ್ಣು ಮುಚ್ಚಬಹುದು. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಡಿಶ್ಶಿನ ವಾಯರನ್ನೂ ಇಂಟರ್‌ನೆಟ್ ವಾಯರನ್ನೂ ಕೀಳಬೇಕು, ಸಿಡಿಲು ಅದರಲ್ಲೂ ಒಳಗೆ ಬರುತ್ತದೆ. ಸಿಡಿಲು, ವೋಲ್ಟೇಜು, ನೀರು, ಹುಳುಹುಪ್ಪಟೆಯಿಂದ ಕೆಟ್ಟದ್ದು ವಾರಂಟಿಗೆ ಸೇರದೆಂದು ಚಿಕ್ಕ ಅಕ್ಷರದಲ್ಲಿ ಸಾಮಾನ್ಯವಾಗಿ ಬರೆದೇ ಇರುತ್ತದೆ. ಅಂದರೆ ಕರಾವಳಿಯಲ್ಲಿ ಟೀವಿ ಕೆಡುವ ದಾರಿಗಳಲ್ಲಿ ಬಹಳಷ್ಟು ವಾರಂಟಿಯ ಹೊರಗೇ ಇವೆ. ಆದ್ದರಿಂದ ಟೀವಿಗೆಂದು ತೆಗೆದಿಟ್ಟ ಹಣದಲ್ಲಿ ಒಂದೆರಡು ಸಾವಿರವನ್ನು ಸ್ಟೆಬಿಲೈಸರಿಗೆ ಮತ್ತು ಗಟ್ಟಿ ಅರ್ಥಿಂಗಿಗೆ ಮೊದಲೇ ಬದಿಗಿಡಬೇಕು. ಬೆಳಕನ್ನು ನೂರಕ್ಕೆ ಏರಿಸದೆ ಅರವತ್ತು, ಎಪ್ಪತ್ತಕ್ಕೆ ಇಟ್ಟರೆ ಒಳಗಿನ ದೀಪ ಹೆಚ್ಚು ದಿನ ಬಾಳುತ್ತದೆ. ಅದಕ್ಕೆ ಖರ್ಚಿಲ್ಲ.

ಅಂಗಡಿಯವರಿಗೂ ಎರಡು ಮಾತು

ಈಗಿನ ಗಿರಾಕಿ ಅಂಗಡಿಗೆ ಬಂದು ಟೀವಿ ನೋಡುತ್ತಾನೆ, ತಂಪು ಗಾಳಿಯಲ್ಲಿ ಕೂತು ರೇಟು ಕೇಳುತ್ತಾನೆ, ಹೊರಗೆ ಹೋಗಿ ಮೊಬೈಲಿನಲ್ಲಿ ಆರ್ಡರ್ ಮಾಡುತ್ತಾನೆ. ಬಾಡಿಗೆ, ಕರೆಂಟು, ಹುಡುಗರ ಸಂಬಳ ಕೊಡುವ ಅಂಗಡಿಯವರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಮೊಬೈಲಿನ ಬೆಲೆಯೊಡನೆ ಗುದ್ದಾಡಿ ಅವರು ಗೆಲ್ಲಲಾರರು. ಗೆಲ್ಲುವ ದಾರಿ ಬೇರೆ ಇದೆ. ‘ಕೆಟ್ಟರೆ ಮೂರು ದಿನದಲ್ಲಿ ಇಂಥವನು ಬರ್ತಾನೆ, ಅವನ ನಂಬರ್ ಇದು’ ಎಂದು ಬಿಲ್ಲಿನ ಮೇಲೆ ಬರೆದು ಕೊಡುವ ಅಂಗಡಿಗೆ ಗಿರಾಕಿ ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅದರ ಬದಲು ಕೆಲವರು ಮಾಡುವುದೇನು? ಹೋದ ವರ್ಷದ ಮಾಲನ್ನು ಹೊಸತೆಂದು ದಾಟಿಸುವುದು, ‘ಬಿಲ್ ಬೇಡ ಅಂದ್ರೆ ಇನ್ನೂ ಬಿಡ್ತೇವೆ’ ಎನ್ನುವುದು, ಟೀವಿ ಕೆಟ್ಟಾಗ ‘ಕಂಪನಿಗೆ ಫೋನ್ ಮಾಡಿ’ ಎಂದು ಕೈ ತೊಳೆದುಕೊಳ್ಳುವುದು. ಇವರೇ ಆಮೇಲೆ ‘ಜನ ಆನ್‌ಲೈನಿಗೆ ಹೋದರು’ ಎಂದು ಅಳುವುದು. ಕಂಪನಿಗೆ ಫೋನ್ ಮಾಡುವುದೇ ಆದರೆ ಗಿರಾಕಿಗೆ ಅಂಗಡಿ ಯಾಕೆ ಬೇಕು?

ಬಿಲ್ ಬಿಡುವವನು ತನ್ನ ಹಕ್ಕನ್ನೂ ಬಿಟ್ಟಂತೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂತು. ಅದರ ಪ್ರಕಾರ ಕೊಂಡವನು ತಾನು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ದಿಲ್ಲಿಯಲ್ಲಿರಲಿ, ಮುಂಬಯಿಯಲ್ಲಿರಲಿ, ಭಟ್ಕಳದವನಿಗೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ ಸಾಕು. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕ ಇಲ್ಲ, ಅವಧಿ ಎರಡು ವರ್ಷ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ಎಷ್ಟೋ ವ್ಯಾಜ್ಯ ಅಲ್ಲೇ ಮುಗಿಯುತ್ತದೆ. ಇದಕ್ಕೆಲ್ಲ ಬೇಕಾದದ್ದು ಸೀರಿಯಲ್ ನಂಬರ್ ಬರೆದ ಒಂದು ತುಂಡು ಪಕ್ಕಾ ಬಿಲ್.

ಆನ್‌ಲೈನಿನಲ್ಲಿ ಕೊಳ್ಳುವುದು ಪಾಪವಲ್ಲ. ಕೊಳ್ಳುವ ಮೊದಲು ಕಂಪನಿಯ ಸಹಾಯವಾಣಿಗೆ ಒಂದು ಕರೆ ಮಾಡಿ, ಪಿನ್ ಕೋಡ್ ಹೇಳಿ, ‘ಮನೆಗೆ ಬಂದು ರಿಪೇರಿ ಮಾಡುವವರು ಯಾವ ಊರಿನವರು?’ ಎಂದು ಕೇಳಿದರೆ ಸಾಕು. ‘ಕುಮಟಾ’ ಎಂದರೆ ಸರಿ. ‘ಹುಬ್ಬಳ್ಳಿ’ ಅಥವಾ ‘ಮಂಗಳೂರು’ ಎಂದರೆ, ಉಳಿಯುವ ಎರಡು ಸಾವಿರದಲ್ಲಿ ಆ ದೂರವನ್ನು ಕಳೆದು ನೋಡಬೇಕು. ಘಟ್ಟ ಹತ್ತಿಸಿ ಇಳಿಸುವಾಗ ಪ್ಯಾನೆಲ್ ಉಳಿದರೆ ಪುಣ್ಯ.

ಮೂರೂ ಪೇಟೆಯಲ್ಲಿ ಇನ್ನೂ ಕೆಲವು ರಿಪೇರಿ ಅಂಗಡಿ ಉಳಿದಿವೆ. ಹತ್ತಡಿಯ ಕೋಣೆ, ಗೋಡೆಗೆ ಒರಗಿಸಿದ ಕಪ್ಪು ಪರದೆಗಳು, ಮೇಜಿನ ಮೇಲೆ ಬಿಚ್ಚಿದ ಬೋರ್ಡು. ಯಾವ ಕಂಪನಿಯ ಟೀವಿ ಹೆಚ್ಚು ಬರುತ್ತದೆ, ಯಾವುದಕ್ಕೆ ಬಿಡಿಭಾಗ ಸಿಗುವುದಿಲ್ಲ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೊಸ ಟೀವಿಗೆ ಹೊರಟವನು ಶೋರೂಮಿಗೆ ಹೋಗುವ ಮುಂಚೆ ಅಲ್ಲಿ ಐದು ನಿಮಿಷ ನಿಂತು, ಒಂದು ಚಾ ಕುಡಿಸಿ, ಗೋಡೆಗೆ ಒರಗಿದ ಪರದೆಗಳ ಹೆಸರು ಓದಿಕೊಂಡು ಬರಲಿ. ಮತ್ತೆ ಡಬ್ಬಿಯನ್ನು ಬಸ್ಸಿಗೆ ಹತ್ತಿಸುವಾಗ, ನಿಲ್ಲಿಸಿಯೇ ಹಿಡಿದುಕೊಳ್ಳಲಿ.