ಅಂಟೋ, ಮೊಳೆಯೋ?

ಕಲಾ ವಿಭಾಗದ ವಿದ್ಯಾರ್ಥಿಗೆ ರೈಲುಹಳಿಯ ಗೊಡವೆ ಏಕೆಂದು ಅಧ್ಯಾಪಕ ಮಹನೀಯರೂ ಸಹಪಾಠಿಗಳೂ ಕೇಳಬಹುದು, ಕೇಳಿಯೂ ಇದ್ದಾರೆ. ಈ ವರ್ಷದ ವಸ್ತುಪ್ರದರ್ಶನಕ್ಕೆಂದು ನಾವು ನಾಲ್ವರು ಶೆಟ್ಟಿಹಳ್ಳಿಯ ರೈಲುದಾರಿಯ ಮಾದರಿಯೊಂದನ್ನು, ಅಲ್ಲಿನ ಕೆಳಸೇತುವೆಯ ಸಹಿತ, ಕಟ್ಟಿದೆವು. ಪ್ರದರ್ಶನದ ದಿನ ಇಂಜಿನು ತಿರುವಿನಲ್ಲಿ ಮೂರು ಸಲ ಹಳಿ ತಪ್ಪಿತು. ನೆರೆದವರು ನಕ್ಕರು. ಅಂದಿನಿಂದ ನಮ್ಮೊಳಗೆ ಒಂದು ವಾದ: ಹಳಿಯನ್ನು ಹಲಗೆಗೆ ಅಂಟಿನಿಂದ ಕೂರಿಸಬೇಕೇ, ಮೊಳೆಯಿಂದಲೇ? ಅಂಟೇ ಸರಿಯೆಂಬುದು ಮೂವರ ಮತ. ಮೊಳೆಯೇ ಸರಿ, ಆದರೆ ನಾನು ಹೊಡೆದಂತಲ್ಲ, ಎಂಬುದು ನನ್ನ ಮತ.

ತಪ್ಪು ನನ್ನದೆಂದು ಮೊದಲೇ ಒಪ್ಪಿಬಿಡುತ್ತೇನೆ. ಡಿಸೆಂಬರಿನ ಚಳಿಯಲ್ಲಿ ಹಳಿಯ ತುಂಡುಗಳನ್ನು ಸಂದಿಲ್ಲದಂತೆ ಒತ್ತಿ ಜೋಡಿಸಿ, ಪ್ಲೈವುಡ್ ಹಲಗೆಗೆ ಮೊಳೆಗಳನ್ನು ತಲೆಯವರೆಗೂ ಜಡಿದವನು ನಾನೇ. ಅದರಿಂದ ಎರಡು ಕೇಡಾದುವು. ಮೊಳೆ ಮಿತಿಮೀರಿ ಇಳಿದೆಡೆ ಪ್ಲಾಸ್ಟಿಕ್ಕಿನ ಸ್ಲೀಪರು ನಡುವೆ ಬಗ್ಗಿ, ಹಳಿಗಳೆರಡೂ ಒಳಕ್ಕೆ ವಾಲಿದುವು. ನಮ್ಮ ಮಾದರಿಯಲ್ಲಿ ಹಳಿಗಳ ನಡುವಿನ ಅಂತರ 16.5 ಮಿಲಿಮೀಟರು, ಅದು ತುಸು ಕಡಿಮೆಯಾದರೂ ಗಾಲಿ ಹಳಿಯ ಮೇಲೇರುತ್ತದೆ. ಎರಡನೆಯದು ಬಿಸಿಲಿನ ಕೇಡು. ಮೂರು ಮೀಟರು ಹಳಿ 20 ಡಿಗ್ರಿ ಕಾವೇರಿದರೆ ಸುಮಾರು 1 ಮಿಲಿಮೀಟರು ಬೆಳೆಯುತ್ತದೆ. ಅದೇ ವೇಳೆಗೆ ಹಲಗೆ ಒಣಗಿ ಕುಗ್ಗುತ್ತದೆ. ಮಾರ್ಚಿಯ ಹೊತ್ತಿಗೆ ಬೆಳೆಯಲು ಎಡೆಯಿಲ್ಲದೆ ಹಳಿ ತಿರುವಿನಲ್ಲಿ ಸೊಟ್ಟಗಾಯಿತು.

"ನಿಜವಾದ ರೈಲುದಾರಿಯಲ್ಲಿ ಈಗ ಹಳಿಗಳನ್ನು ಸಂದಿಲ್ಲದೆ ಬೆಸೆಯುತ್ತಾರಲ್ಲ?" ಎಂದು ಮಿತ್ರರು ಕೇಳಿದರು. ಒಳ್ಳೆಯ ಪ್ರಶ್ನೆ. ಆದರೆ ಅಲ್ಲಿ ಒಂದೊಂದು ಕಾಂಕ್ರೀಟು ಸ್ಲೀಪರೂ ಕಾಲು ಟನ್ನಿಗೆ ಮಿಕ್ಕ ಭಾರದ್ದು. ಉಕ್ಕಿನ ಸ್ಪ್ರಿಂಗು ಕ್ಲಿಪ್ಪುಗಳು ಹಳಿಯ ಪಾದವನ್ನು ಹಿಡಿದಿರುತ್ತವೆ. ಸುತ್ತಲಿನ ಜಲ್ಲಿ ಸ್ಲೀಪರನ್ನು ಕದಲಗೊಡುವುದಿಲ್ಲ. ಅಷ್ಟಿದ್ದೂ ಬೇಸಗೆಯ ನಡುಹಗಲಿನಲ್ಲಿ, ಹಳಿ ಸೊಟ್ಟಗಾಗಿದೆಯೇ ಎಂದು ನೋಡುತ್ತ ನೌಕರರು ದಾರಿಯುದ್ದಕ್ಕೂ ನಡೆಯುತ್ತಾರೆ. ನಮ್ಮ ಪ್ಲೈವುಡ್ಡಿಗೆ ಆ ಬಲವೆಲ್ಲಿಯದು?

ಅಂಟಿನ ಮೇಲೆ ನನ್ನ ಆಕ್ಷೇಪವೊಂದೇ: ಅದು ತಪ್ಪನ್ನು ತಿದ್ದಗೊಡುವುದಿಲ್ಲ. ಬಿಳಿ ಅಂಟನ್ನು ನೆನೆಸಿ ಬಿಡಿಸಬಹುದು, ನಿಜ. ಆದರೆ ನೆನೆದ ಹಲಗೆ ಉಬ್ಬುತ್ತದೆ. ತುಮಕೂರಿಗೆ 1884ರಲ್ಲಿ ಬಂದ ಮೀಟರ್ ಗೇಜ್ ಹಳಿಯನ್ನು 1990ರ ದಶಕದಲ್ಲಿ 1,676 ಮಿಲಿಮೀಟರಿನ ಬ್ರಾಡ್ ಗೇಜಿಗೆ ಮಾರ್ಪಡಿಸಿದರು. ಬಲ್ಲವರೇ ಬಿಚ್ಚಿ ಮತ್ತೆ ಹಾಸುವಾಗ, ಹೊಸದಾಗಿ ಸುತ್ತಿಗೆ ಹಿಡಿದ ನಾವು ಮೊದಲ ಸಲವೇ ಸರಿಯಾಗಿ ಹಾಸುವೆವೆಂದು ನಂಬುವುದು ಉಂಟೆ? ಸಣ್ಣ ಮೊಳೆ, ಸ್ಲೀಪರನ್ನು ಮುಟ್ಟಿಯೂ ಒತ್ತದ ತಲೆ, ತುಂಡುಗಳ ನಡುವೆ ಕಾಗದದ ರಟ್ಟಿನಷ್ಟು ಸಂದು: ಇಷ್ಟು ಸಾಕು.

ಈಗ ಆ ಮಾದರಿಯನ್ನು ಗುಜರಿಗೆ ಹಾಕಬೇಕೆಂಬ ಮಾತು ಕೇಳಿಬರುತ್ತಿದೆ. ಹಾಕಬಾರದೆಂದು ನನ್ನ ಬಿನ್ನಹ. ಕೈಗೆಲಸ ತಪ್ಪಲೆಂದೇ ಮನೆಯವರು ನನ್ನನ್ನು ಓದಲು ಕಳಿಸಿದರು. ಆದರೂ ಈ ಮೂರು ವರ್ಷಗಳಲ್ಲಿ ನಾನು ತಪ್ಪಿ ತಿಳಿದುಕೊಂಡದ್ದೆಂದು ಧೈರ್ಯವಾಗಿ ಹೇಳಬಹುದಾದದ್ದು ಈ ಹಲಗೆಯ ಮೇಲಿನದು. ಮೊಳೆಯಲ್ಲಿ ಕೂರಿಸಿದ್ದರಿಂದ ಅದನ್ನು ಇನ್ನೂ ಸರಿಪಡಿಸಬಹುದು. ಪರೀಕ್ಷೆ ಮುಗಿದ ಮೇಲೆ ಕಿರಿಯ ತರಗತಿಯ ಇಬ್ಬರು ಬಂದರೆ ಎರಡು ದಿನದ ಕೆಲಸ. ಇಕ್ಕಳ ನಾನು ತರುತ್ತೇನೆ.